ಎಚ್.ಐ.ವಿ. ಸೋಂಕಿಗೆ ಸಂಯುಕ್ತ ಔಷಧ ಚಿಕಿತ್ಸೆ

ರೋಗಗಳೊಡನೆ ಹೋರಾಡಲೆಂದೇ ನಮ್ಮ ಶರೀರದಲ್ಲಿ ಬಿಳಿಯ ರಕ್ತಕಣಗಳಿವೆ. ಅವುಗಳಲ್ಲಿ ಸಿ.ಡಿ.4 ಎಂಬ ಕಣಗಳು ಉಳಿದವುಗಳಿಗೆ ದಂಡನಾಯಕನಿದ್ದಂತೆ. ಎಚ್.ಐ.ವಿ. ವೈರಾಣುವು ಈ ಕಣಗಳನ್ನೇ ಹೊಕ್ಕು ನಾಶಪಡಿಸುತ್ತದೆ. ಕಾವಲು ಕುಸಿದ ದೇಹವನ್ನು ಕ್ಷಯವೇ ಮೊದಲಾದ ರೋಗಗಳು ಮುತ್ತುತ್ತವೆ. ಈ ಅಂತಿಮಾವಸ್ಥೆಯೇ ಏಡ್ಸ್.

1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಈ ವೈರಾಣುವನ್ನು ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಜಿಡೋವುಡಿನ್ ಎಂಬ ಪ್ರಥಮ ಔಷಧಕ್ಕೆ ಅನುಮತಿ ದೊರೆಯಿತು. ಆದರೆ ಅದರ ಪ್ರಭಾವ ಬಹುಕಾಲ ನಿಲ್ಲಲಿಲ್ಲ. ಇದಕ್ಕೆ ಕಾರಣವೇನು?

ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ನೂರಾರು ಕೋಟಿ ವೈರಾಣುಗಳು ಹುಟ್ಟುತ್ತವೆ. ತನ್ನ ವಂಶಲಿಪಿಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆ ಈ ವೈರಾಣುವಿಗಿಲ್ಲ. ಅಂಥ ತಪ್ಪಿನಿಂದ ಹುಟ್ಟಿದ ಒಂದು ವೈರಾಣು ಔಷಧಕ್ಕೆ ಮಣಿಯದಿದ್ದರೆ, ಉಳಿದವು ಅಳಿದರೂ ಅದರ ಸಂತತಿ ಬೆಳೆಯುತ್ತದೆ. ಒಂದು ಔಷಧದಿಂದ ಪಾರಾಗಬಲ್ಲ ವೈರಾಣು ಸುಲಭವಾಗಿ ಹುಟ್ಟೀತು. ಮೂರರಿಂದಲೂ ಏಕಕಾಲಕ್ಕೆ ಪಾರಾಗಬಲ್ಲದ್ದು ಹುಟ್ಟುವುದು ಅತಿ ವಿರಳ. ಸಂಯುಕ್ತ ಚಿಕಿತ್ಸೆಯ ಮರ್ಮವಿಷ್ಟೇ. 1996ರಲ್ಲಿ ವ್ಯಾಂಕೂವರ್ ನಗರದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಇದರ ಫಲಿತಾಂಶಗಳು ಪ್ರಕಟವಾದವು. ಔಷಧ ದೊರೆತ ದೇಶಗಳಲ್ಲಿ ಮರಣಗಳು ತೀವ್ರವಾಗಿ ಇಳಿದವು.

ಆದರೆ ಅದರ ವಾರ್ಷಿಕ ವೆಚ್ಚ ಆಗ ಹತ್ತು ಸಾವಿರ ಡಾಲರುಗಳಷ್ಟಿತ್ತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿಯು ವರ್ಷಕ್ಕೆ 350 ಡಾಲರಿಗೆ ಈ ಔಷಧಗಳನ್ನು ಒದಗಿಸಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2017ರಿಂದ, ಸಿ.ಡಿ.4 ಕಣಗಳ ಸಂಖ್ಯೆ ಎಷ್ಟೇ ಇದ್ದರೂ, ಸೋಂಕಿತರೆಲ್ಲರಿಗೂ ಚಿಕಿತ್ಸೆ ನೀಡುವ ನೀತಿ ಜಾರಿಗೆ ಬಂದಿದೆ.

ಇಂದು ವಯಸ್ಕರಿಗೆ ಸಾಮಾನ್ಯವಾಗಿ ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಗುಳಿಗೆಯನ್ನು ದಿನಕ್ಕೊಮ್ಮೆ ಕೊಡುತ್ತಾರೆ. ಮೊದಲೆರಡು ವೈರಾಣುವಿನ ವಂಶಲಿಪಿ ನಕಲಾಗದಂತೆ ತಡೆಯುತ್ತವೆ. ಮೂರನೆಯದು ಆ ಲಿಪಿಯು ನಮ್ಮ ಜೀವಕೋಶದ ವಂಶಲಿಪಿಯೊಡನೆ ಬೆಸೆಯದಂತೆ ನೋಡಿಕೊಳ್ಳುತ್ತದೆ. ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ದಾಂಪತ್ಯದಲ್ಲಿ ಸೋಂಕು ಹರಡದು. ಚಿಕಿತ್ಸೆ ಪಡೆಯುವ ತಾಯಿಯಿಂದ ಶಿಶುವಿಗೆ ಸೋಂಕು ತಗಲುವ ಸಂಭವವೂ ಬಹಳ ಕಡಿಮೆ.

ಆದರೂ ಇದು ರೋಗವನ್ನು ನಿರ್ಮೂಲಗೊಳಿಸುವ ಔಷಧವಲ್ಲ. ಕೆಲವು ಜೀವಕೋಶಗಳಲ್ಲಿ ವೈರಾಣು ಸುಪ್ತವಾಗಿರುತ್ತದೆ. ಔಷಧ ನಿಂತೊಡನೆ ಮತ್ತೆ ತಲೆಯೆತ್ತುತ್ತದೆ. ಆಗಾಗ ತಪ್ಪಿಸಿದರೆ ಔಷಧಕ್ಕೆ ಮಣಿಯದ ತಳಿ ಬೆಳೆಯುವ ಅಪಾಯವುಂಟು. ಆದುದರಿಂದ ಈ ಗುಳಿಗೆಯು ಆಜೀವ ನಿತ್ಯನೇಮವಾಗಬೇಕು.

ಈ ನೇಮಕ್ಕೆ ದೊಡ್ಡ ವಿಘ್ನವೆಂದರೆ ಜನರ ತಿರಸ್ಕಾರ. ಸಹಪಾಠಿಗಳು ಕಂಡಾರೆಂಬ ಭಯದಿಂದ ವಿದ್ಯಾರ್ಥಿಯೊಬ್ಬನು ಗುಳಿಗೆಯನ್ನು ಬಚ್ಚಿಟ್ಟರೆ, ಒಂದು ದಿನ ಬಿಟ್ಟಾನು, ಮರುದಿನ ಮರೆತಾನು. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದರಿಂದಾಗಲಿ, ಒಂದೇ ಕೊಠಡಿಯಲ್ಲಿ ಮಲಗುವುದರಿಂದಾಗಲಿ ಸೋಂಕು ಹರಡದು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಶಾಲೆಗಳಲ್ಲಿ ಇಂಥವರ ಬಗೆಗಿನ ಭೇದಭಾವವನ್ನು ನಿಷೇಧಿಸಿದೆ. ಮಗುವಿನ ಗುಟ್ಟನ್ನು ಕಾಪಾಡಿ, ಹೊತ್ತಿಗೆ ಸರಿಯಾಗಿ ಔಷಧ ತೆಗೆದುಕೊಳ್ಳಲು ಮರೆಯ ಸ್ಥಳವನ್ನೂ ಧೈರ್ಯದ ಮಾತನ್ನೂ ಒದಗಿಸುವುದು ಶಿಕ್ಷಕರಿಗೂ ಪ್ರಸಾದ ನಿಲಯದ ಪಾಲಕರಿಗೂ ಸಾಧ್ಯವಾದ ಸೇವೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ವ್ರತವಾಗಿ ಉಳ್ಳ ಸಂಸ್ಥೆಗೆ ಇದು ಹೊಸ ಹೊರೆಯಲ್ಲ. ಆ ವ್ರತದ ಸಹಜ ಮುಂದುವರಿಕೆಯೇ ಆಗಿದೆ.