ಬಾವುಟದ ಮಾತು

2023ರ ಮಾರ್ಚ್ ತಿಂಗಳು. ಮಂಗಳೂರಿನ ಹತ್ತಿರ ರೈಲು ಹಳಿ ಮೇಲೆ ಒಂದು ಮರ ಬಿತ್ತು. ರೈಲು ಬರುವ ಹೊತ್ತು. ಅಲ್ಲೇ ಮನೆಯಿದ್ದ ಒಬ್ಬ ಅಜ್ಜಿ ಅದನ್ನು ನೋಡಿದರು. ಓಡಿ ಹೋಗಿ ಕೆಂಪು ಬಟ್ಟೆ ತಂದರು. ರೈಲಿನ ಕಡೆ ಬೀಸಿದರು. ಚಾಲಕರಿಗೆ ಕಾಣಿಸಿತು. ರೈಲು ನಿಂತಿತು. ದೊಡ್ಡ ಅನಾಹುತ ತಪ್ಪಿತು.

ಅಜ್ಜಿ ಕೂಗಿದ್ದರೆ ಚಾಲಕರಿಗೆ ಕೇಳುತ್ತಿತ್ತೇ? ಇಲ್ಲ. ಕೆಂಪು ಬಟ್ಟೆ ಮಾತಾಡಿತು. ಬಾವುಟದ ಕೆಲಸವೂ ಇದೇ. ಕೂಗು ಮುಟ್ಟದ ಕಡೆಗೆ ಅದು ಮಾತು ಮುಟ್ಟಿಸುತ್ತೆ.

ನೆಲದ ಮೇಲೆ

ರೈಲಿನವರಿಗೆ ಕೆಂಪು ಬಾವುಟ ಅಂದರೆ 'ನಿಲ್ಲಿಸು'. ಹಸಿರು ಬಾವುಟ ಅಂದರೆ 'ಹೊರಡು'.

ಶಾಲೆಯಲ್ಲಿ ಹಾರಿಸುವ ಮೂರು ಬಣ್ಣದ ಬಾವುಟ ನಮ್ಮ ದೇಶದ ಗುರುತು. ರಾಷ್ಟ್ರಪತಿ, ಪ್ರಧಾನಿಯಂಥವರು ತೀರಿಕೊಂಡಾಗ ಅದನ್ನು ಅರ್ಧ ಕಂಬಕ್ಕೆ ಇಳಿಸುತ್ತಾರೆ. ಅದು ದುಃಖದ ಗುರುತು. ಖಾದಿಯ ರಾಷ್ಟ್ರಧ್ವಜ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮಂಥ ಹೆಂಗಸರೇ!

ಕಡಲಿನಲ್ಲಿ

ಹಡಗುಗಳು ನಾನಾ ದೇಶದವು. ಅದರಲ್ಲಿರುವವರ ಭಾಷೆ ಬೇರೆ ಬೇರೆ. ಆದರೆ ಬಾವುಟದ ಅರ್ಥ ಎಲ್ಲರಿಗೂ ಒಂದೇ. ಇಂಗ್ಲಿಷಿನ 26 ಅಕ್ಷರಕ್ಕೆ 26 ಬಾವುಟ ಇವೆ. ನಾವು ಅ, ಆ ಕಲಿತ ಹಾಗೆ ಹಡಗಿನವರು ಇವನ್ನು ಕಲೀಬೇಕು. ಒಂದೇ ಬಾವುಟ ಒಂದು ಇಡೀ ಮಾತು ಹೇಳಬಲ್ಲದು.

ಹಳದಿ ಬಾವುಟ: ನಮ್ಮ ಹಡಗಿನಲ್ಲಿ ರೋಗ ಇಲ್ಲ. ಬಂದರಿಗೆ ಬರಲು ಒಪ್ಪಿಗೆ ಕೊಡಿ.

ಕೆಂಪು ಬಾವುಟ: ಹಡಗಿನಲ್ಲಿ ಅಪಾಯದ ಸರಕು ಇದೆ.

ಓರೆಯಾಗಿ ಅರ್ಧ ಕೆಂಪು, ಅರ್ಧ ಹಳದಿ: ನಮ್ಮವರೊಬ್ಬರು ನೀರಿಗೆ ಬಿದ್ದಿದ್ದಾರೆ.

ಈಗ ಹಡಗಿನಲ್ಲಿ ರೇಡಿಯೊ ಇದೆ. ಆದರೂ ಬಾವುಟ ಬಿಟ್ಟಿಲ್ಲ.

ಕಡಲ ದಂಡೆಯಲ್ಲಿ

ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುತ್ತೀರಿ. ಕಡಲು ಕಂಡ ಕೂಡಲೇ ಮಕ್ಕಳು ನೀರಿಗೆ ಓಡುತ್ತಾರೆ. ತಾಳಿ. ಮೊದಲು ಬಾವುಟ ಇದೆಯಾ ನೋಡಿ.

ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟ ನೆಟ್ಟಿದ್ದಾರಾ? ಅವುಗಳ ನಡುವೆ ಜೀವರಕ್ಷಕರ ಕಾವಲು ಇದೆ ಅಂತ ಅರ್ಥ. ಆ ಜಾಗ ಬಿಟ್ಟು ಆಚೆ ಹೋಗಬೇಡಿ.

ಬರೀ ಕೆಂಪು ಬಾವುಟ ಇದೆಯಾ? ನೀರಿಗೆ ಇಳಿಯಲೇಬೇಡಿ. ಮೇಲೆ ನೀರು ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರಬಹುದು. ಈಜು ಬಲ್ಲವರನ್ನೂ ಅದು ಎಳೆದುಕೊಂಡು ಹೋಗುತ್ತೆ.

ಬಾವುಟವೇ ಇಲ್ಲವಾ? ಹಾಗಂತ ಅಪಾಯ ಇಲ್ಲ ಅಂತಲ್ಲ. ಅಲ್ಲಿನ ಮೀನುಗಾರರನ್ನು ಕೇಳಿ. ಅವರು ಬೇಡ ಅಂದರೆ ಬೇಡ.

ನಾವು ಅಕ್ಷರ ಓದಲು ಕಲಿತೆವು. ಬಾವುಟ ಓದುವುದನ್ನೂ ಕಲಿಯೋಣ. ಮಕ್ಕಳಿಗೂ ಹೇಳಿಕೊಡೋಣ.