ಸವಾರನಿಗಿಂತ ಮೊದಲು ಕುದುರೆ

ಕುದುರೆ, ಅದರ ಮೇಲೆ ಕೂತ ಸೈನಿಕ, ಅವನ ಟೋಪಿ ಎಲ್ಲ ಸೇರಿದರೂ ಕಿರುಬೆರಳಿನ ಎತ್ತರ ದಾಟುವುದಿಲ್ಲ. ಅಂಥ ಹನ್ನೆರಡು ಸವಾರರಿಗೆ ಬಣ್ಣ ಹಚ್ಚಲು ತಿಂಗಳ ಭಾನುವಾರಗಳನ್ನೆಲ್ಲ ಸುರಿಯುವವರಿದ್ದಾರೆ. ಹಳೆಯ ಯುದ್ಧಗಳನ್ನು ದಾಳ, ಅಳತೆಪಟ್ಟಿ ಹಿಡಿದು ಮೇಜಿನ ಮೇಲೆ ಮತ್ತೆ ಆಡುವ ‘ವಾರ್‌ಗೇಮಿಂಗ್’ ಇಂಗ್ಲೆಂಡಿನಲ್ಲಿ ದೊಡ್ಡವರ ಹವ್ಯಾಸ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಇದಕ್ಕೆ ನಿಯಮ ಕಟ್ಟಿಕೊಟ್ಟ. ಕಾಲಾಳಿಗೆ ಒಂದು ಸರತಿಗೆ ಒಂದಡಿ, ಕುದುರೆ ಸವಾರನಿಗೆ ಎರಡಡಿ. ಆಟದಲ್ಲಿ ಸವಾರನಿಗಿರುವ ಈ ಹೆಚ್ಚುಗಾರಿಕೆಗೆ ಬಣ್ಣದ ಮೇಜಿನ ಮುಂದೆ ದುಪ್ಪಟ್ಟು ಬೆಲೆ ತೆರಬೇಕು.

ಇಂದು ಈ ಗೊಂಬೆಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು 28 ಮಿಲಿಮೀಟರ್ ಅಳತೆ, ಅಂದರೆ ನಿಂತ ಮನುಷ್ಯನ ಎತ್ತರ ಸುಮಾರು ಅಷ್ಟು. 15 ಮಿ.ಮೀ., 6 ಮಿ.ಮೀ. ಗೊಂಬೆಗಳೂ ಇವೆ. ನಾಟಿಂಗ್‌ಹ್ಯಾಮ್ ಈ ಕಸುಬಿನ ತವರು; ಅವಳಿ ಸಹೋದರರಾದ ಆಲನ್ ಮತ್ತು ಮೈಕಲ್ ಪೆರಿ ಅಲ್ಲಿಯೇ ಗೊಂಬೆ ಕಡೆಯುತ್ತಾರೆ. ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿಯನ್ನಷ್ಟೇ ನಂಬಬಾರದು. ಒಬ್ಬರ 28 ಮಿ.ಮೀ. ಇನ್ನೊಬ್ಬರದಕ್ಕಿಂತ ದಪ್ಪಗಿರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಕುದುರೆಯ ಪಕ್ಕ ಕತ್ತೆ ನಿಂತಂತೆ ಕಾಣುತ್ತದೆ.

ಕಾಲುಗಳನ್ನೂ ನೋಡಬೇಕು. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಕುದುರೆ ಹಳೆಯ ಚಿತ್ರಗಳಲ್ಲಿ ಬೇಕಾದಷ್ಟಿದೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಸಾಲು ಫೋಟೋಗಳು ಅದು ಸುಳ್ಳೆಂದು ತೋರಿಸಿದವು. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಮಡಚಿದಾಗ.

ಇನ್ನು ಬಣ್ಣ. ಸಮವಸ್ತ್ರದ ಗುಂಡಿ ಗುಂಡಿಯನ್ನೂ ಪುಸ್ತಕ ನೋಡಿ ತುಂಬುವ ಮಹನೀಯರು ಕುದುರೆಗೆ ಬಂದಾಗ ಒಂದೇ ಕಂದು ಬಳಿದು ಕೈತೊಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅಲ್ಲೇ ಪಡೆ ಸೋಲುತ್ತದೆ. ಮೂರಡಿ ದೂರದಿಂದ ಗುಂಡಿ ಯಾರಿಗೂ ಕಾಣದು, ಕುದುರೆ ಕಾಣುತ್ತದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸಿಗೆ ಹೋಗುವವರಿಗೆ ಹೆಸರುಗಳು ಗೊತ್ತು: ಬೇ, ಚೆಸ್ಟ್‌ನಟ್, ಗ್ರೇ. ಬೇ ಕುದುರೆಗೆ ಮೈ ಕಂದು. ಬಾಲ, ಕುತ್ತಿಗೆಗೂದಲು, ಕಾಲಿನ ಕೆಳಭಾಗ ಕಪ್ಪು. ಚೆಸ್ಟ್‌ನಟ್‌ಗೆ ಕೂದಲೂ ಮೈಯಂತೆ ಕೆಂಗಂದು. ಕಾಲಿನ ಬುಡ ಬಿಳಿಯಿದ್ದರೆ ಗೊರಸೂ ಸಾಮಾನ್ಯವಾಗಿ ತಿಳಿ ಬಣ್ಣದ್ದೇ.

ಹಳಬರ ಕೈಯಲ್ಲಿರುವ ಒಂದು ಉಪಾಯ ಚೆನ್ನಾಗಿದೆ. ಸವಾರನನ್ನು ಬೇರೆಯಿಟ್ಟು, ಕುದುರೆಗೆ ಮೊದಲು ತಿಳಿ ಕಿತ್ತಳೆ-ಕಂದಿನ ಅಕ್ರಿಲಿಕ್ ಹಚ್ಚಿ ಒಣಗಿಸುತ್ತಾರೆ. ಮೇಲೆ ಗಾಢ ಕಂದು ಎಣ್ಣೆಬಣ್ಣವನ್ನು ಮೈತುಂಬ ಬಳಿಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಸ್ಪಂಜಿನ ತುಂಡಿನಿಂದ ಒರೆಸಿದರೆ ಉಬ್ಬಿದ ಮಾಂಸಖಂಡಗಳ ಮೇಲೆ ಅಡಿಯ ಬಣ್ಣ ಇಣುಕುತ್ತದೆ, ತಗ್ಗುಗಳಲ್ಲಿ ಕಪ್ಪು ನೆರಳು ಉಳಿಯುತ್ತದೆ. ಒರೆಸುವ ಕೈ ಹಗುರವಿರಬೇಕು, ಒಣಗಲು ಒಂದೆರಡು ದಿನ ಬಿಡಬೇಕು. ಹನ್ನೆರಡು ಕುದುರೆ ಒಂದೇ ಬಣ್ಣದ್ದಾದರೂ ಒಂದರಂತೆ ಇನ್ನೊಂದು ಬರುವುದಿಲ್ಲ.

ಬಿಳಿ ಕುದುರೆಯೇ ಕಷ್ಟ. 1815ರ ವಾಟರ್ಲೂ ಯುದ್ಧದಲ್ಲಿ ಗ್ರೇ ಕುದುರೆಗಳ ಮೇಲೆ ನುಗ್ಗಿದ ಬ್ರಿಟನ್ನಿನ ಸ್ಕಾಟ್ಸ್ ಗ್ರೇಸ್ ಪಡೆಯನ್ನು ಅಚ್ಚ ಬಿಳಿಯಲ್ಲಿ ಬಳಿದರೆ ಸುಣ್ಣದ ಗೊಂಬೆಯಾಗುತ್ತದೆ. ಗ್ರೇ ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವಯಸ್ಸಾದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಒಂದೇ ಪಡೆಯಲ್ಲಿ ಬೂದಿ, ಮೋಡ, ಹಾಲು ಎಲ್ಲ ಛಾಯೆಯೂ ಬೇಕು. ಮೂತಿಯ ಸುತ್ತ ಕಪ್ಪು ಚರ್ಮವೂ ಕಾಣಬೇಕು.

ಹೊಸದಾಗಿ ಕುಂಚ ಹಿಡಿಯುವ ಕನ್ನಡಿಗರು ವಾಟರ್ಲೂವರೆಗೆ ಹೋಗಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜತೆ ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯಿಂದ ಶುರು ಮಾಡಬಹುದು. ಸವಾರರದು ಖಾಕಿ, ಅದಕ್ಕೆ ಹೆಚ್ಚು ಕೆಲಸವಿಲ್ಲ. ಕುದುರೆಗೆ ಸಮಯ ಕೊಡಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿಗೆ ನಿಲ್ಲಿಸಿರುವ ಮೂವರು ಕಂಚಿನ ಸವಾರರಿಗೆ ಕುದುರೆಗಳೇ ಇಲ್ಲ.