ಓಮ್ನಿಯಲ್ಲಿ ಹಾಸಿಗೆ ರೆಡಿ, ಬೆಲ್ಟು ಮಾತ್ರ ನಾಪತ್ತೆ!

ಮಾಸ್ತಿ: ವಾರವೆಲ್ಲಾ ಟೊಮ್ಯಾಟೊ ಬಾಕ್ಸು, ಹೂವಿನ ಮೂಟೆ. ಶನಿವಾರ ರಾತ್ರಿ ಅದೇ ಗಾಡಿಗೆ ನೀರು ಹೊಡೆದು, ಮುಂದೆ ನಿಂಬೆಹಣ್ಣು ಕಟ್ಟಿ, ಮನೆ ಮಂದಿಯನ್ನೆಲ್ಲಾ ತುಂಬಿಕೊಂಡು ತಿರುಪತಿ ದಾರಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಮ್ನಿ, ಈಕೋ ಇಟ್ಟುಕೊಂಡಿರುವ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ. ಹೊಸದೆಂದರೆ ಹಾಸಿಗೆಯ ಆಸೆ. ಹಿಂದಿನ ಸೀಟು ಬಿಚ್ಚಿಸಿ, ಕಬ್ಬಿಣದ ಆಂಗಲ್ ವೆಲ್ಡಿಂಗ್ ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಫೋಮು. ಗಾಡಿಯೇ ಮನೆ! ಲಾಡ್ಜಿನ ದುಡ್ಡು ಉಳೀತು, ಮಕ್ಕಳು ಮಲಗಿಕೊಂಡೇ ಬರ್ತಾವೆ ಅನ್ನೋ ಲೆಕ್ಕ.

ಲೆಕ್ಕ ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಸೀಟು ಬಿಚ್ಚಿದಾಗ ಅದರ ಜೊತೆಗಿದ್ದ ಬೆಲ್ಟು ಎಲ್ಲಿ ಹೋಯಿತು? ಅದನ್ನು ಕೇಳುವವರೇ ಇಲ್ಲ.

ಮೆಟಡಾರ್ ಕಾಲದಿಂದ

ಊರಿಗೆ ಊರೇ ಮೆಟಡಾರ್ ಹತ್ತಿ, ಅಕ್ಕಿ ಮೂಟೆ, ಸೀಮೆಎಣ್ಣೆ ಸ್ಟೌ ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದ ಕಥೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ರಸ್ತೆ ಬದಿ ಹುಣಸೆಮರದ ಕೆಳಗೆ ಒಲೆ ಹೂಡಿ ಅನ್ನ, ಸಾರು. 1984ರಲ್ಲಿ ಮಾರುತಿ ವ್ಯಾನ್ ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂದು ಹೆಸರಾಯಿತು. 796 ಸಿಸಿಯ ಪುಟ್ಟ ಎಂಜಿನ್ನು, ಪಕ್ಕಕ್ಕೆ ಸರಿಯುವ ಬಾಗಿಲು, ಕಡಿಮೆ ಬೆಲೆ. ಅಂಗಡಿಯವರಿಗೆ ಸರಕಿಗೂ ಆಯ್ತು, ಸಂಸಾರಕ್ಕೂ ಆಯ್ತು. 2019ರಲ್ಲಿ ತಯಾರಿಕೆ ನಿಂತಿತು. ಹೊಸ ಸುರಕ್ಷತಾ ನಿಯಮಕ್ಕೆ ಆ ಗಾಡಿ ಒಗ್ಗುವಂತಿರಲಿಲ್ಲ. ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಎದುರಿನಿಂದ ಡಿಕ್ಕಿಯಾದರೆ ಮುಂದೆ ಕೂತವರ ಮೊಣಕಾಲಿಗೂ ಏಟಿಗೂ ನಡುವೆ ಒಂದು ತಗಡು, ಅಷ್ಟೆ. 2010ರಲ್ಲಿ ಬಂದ ಈಕೋಗೆ ಸಣ್ಣದಾದರೂ ಒಂದು ಮೂತಿ ಇದೆ.

ಇಂಥಾ ಗಾಡಿಯನ್ನು ಮನೆ ಮಾಡಲು ಹೊರಟವರು ಮೊದಲು ತಿಳಿಯಬೇಕಾದ್ದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದಿಷ್ಟು: ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಎಂದು ಸೇರಿತು. ಆರ್.ಸಿ.ಯಲ್ಲಿ ಎಷ್ಟು ಸೀಟು ಅಂತ ಬರೆದಿದೆಯೋ ಅಷ್ಟು ಇರಬೇಕು. ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ ಆರ್.ಸಿ. ನವೀಕರಣಕ್ಕೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಬೇಕು. ಬೆಸೆದ ಮಂಚ ಆಗ ಮುಚ್ಚಿಟ್ಟರೂ ಮುಚ್ಚೀತೇ? ಅಪಘಾತವಾದರೆ ಗಾಡಿಯ ನಷ್ಟ ಕಟ್ಟಿಕೊಡಲು ಇನ್ಶೂರೆನ್ಸಿನವರು ತಕರಾರು ತೆಗೆಯಲಿಕ್ಕೆ ಈ ಒಂದು ನೆವ ಸಾಕು.

ಮಂಚ, ಅಡಿಗೆಮನೆ ಎಲ್ಲಾ ಕಾಯಂ ಆಗಿ ಬೇಕೇ ಬೇಕು ಎನ್ನುವವರಿಗೆ ದಾರಿ ಇಲ್ಲವೆಂದಲ್ಲ. ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಕಟ್ಟಿಸಿ, ಪರೀಕ್ಷೆ ಮಾಡಿಸಿ, ನೋಂದಾಯಿಸಬೇಕು. ಆ ಖರ್ಚಿನಲ್ಲಿ ಬಹಳ ಸಲ ಲಾಡ್ಜಿನಲ್ಲಿ ಇರಬಹುದು, ಅದು ಬೇರೆ ಮಾತು.

ನಾಲ್ಕನೇ ಮಹಡಿ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಎದುರಿನ ಲಾರಿಗೆ ಹೊಡೆದು ನಿಂತುಬಿಟ್ಟಿತು ಅನ್ನಿ. ಹಾಸಿಗೆ ಮೇಲೆ ಮಲಗಿದ್ದ ಮಗು ನಿಲ್ಲುವುದಿಲ್ಲ, ಅದೇ 60ರ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಿಂದ ಬಿದ್ದಷ್ಟೇ ಏಟು. ತಾಯಿ ಎಷ್ಟೇ ಗಟ್ಟಿಯಾಗಿ ತಬ್ಬಿಕೊಂಡಿದ್ದರೂ ಕೈ ನಿಲ್ಲದು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು ಕಾಯ್ದೆ ಬರೆದಿರುವುದು ಸುಮ್ಮನೆ ಅಲ್ಲ.

ದೂರದ ಉದಾಹರಣೆ ಏಕೆ? 2023ರ ಅಕ್ಟೋಬರ್ 26ರಂದು ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಮಂಜಿನ ಬೆಳಗ್ಗೆ ಟಾಟಾ ಸುಮೋ ನಿಂತಿದ್ದ ಟ್ಯಾಂಕರಿಗೆ ಹೊಡೆದು 13 ಜನ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿಯ ಹತ್ತಿರ ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ಕಡೆಯವರ ಟಿ.ಟಿ. ನಿಂತಿದ್ದ ಲಾರಿಗೆ ಗುದ್ದಿತು. ಅಲ್ಲೂ 13. ಎರಡೂ ಕಡೆ ಎದುರಿನ ಗಾಡಿ ನಿಂತೇ ಇತ್ತು, ನೋಡಿ. ‘ರಾತ್ರಿ ಹೊರಟರೆ ಟ್ರಾಫಿಕ್ ಇರಲ್ಲ’ ಎಂಬ ಜಾಣತನದ ಬೆಲೆ ಎಷ್ಟಾದೀತು ಎನ್ನಲಿಕ್ಕೆ ಇಷ್ಟು ಸಾಲದೇ?

ಈಗ ಹೊಸಕೋಟೆಯಿಂದ ಮಾಲೂರಿನ ಮೇಲೆ ಬೇತಮಂಗಲದವರೆಗೆ 71 ಕಿ.ಮೀ. ಎಕ್ಸ್‌ಪ್ರೆಸ್ ರಸ್ತೆ ಬೇರೆ ಆಗಿದೆ. 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ಬಿಟ್ಟರು. ರಸ್ತೆ ಕನ್ನಡಿ ಇದ್ದ ಹಾಗಿದೆ. ರಸ್ತೆ ಹೊಸದಾದ ಮಾತ್ರಕ್ಕೆ ಓಮ್ನಿ ಹೊಸದಾಗುವುದಿಲ್ಲ. ಅಗಲ 1.41 ಮೀಟರ್, ಎತ್ತರ 1.64, ಮೇಲೆ ಕ್ಯಾರಿಯರ್ ಹಾಕಿ ಟೆಂಟು, ಪಾತ್ರೆ, ಕುರ್ಚಿ ಹೇರಿದರೆ ತಿರುವಿನಲ್ಲಿ ಗಾಡಿ ವಾಲುವುದು ಕೂತವರಿಗೇ ಗೊತ್ತಾಗುತ್ತದೆ. ಭಾರವೆಲ್ಲಾ ಕೆಳಗೆ, ನಡುವೆ ಇರಲಿ. 20 ಲೀಟರಿನ ನೀರಿನ ಕ್ಯಾನು ಅಂದರೆ 20 ಕೆ.ಜಿ. ಎಂಟಡಿ–ನಾಲ್ಕಡಿಯ ದಪ್ಪ ಪ್ಲೈವುಡ್ ಒಂದು ಹಾಳೆಯೇ 30 ಕೆ.ಜಿ. ತೂಗುತ್ತೆ. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವಾಗ ಇದಷ್ಟೂ ಬ್ರೇಕಿನ ಮೇಲೆ.

ಹಾಗಾದರೆ ಮಾಡುವುದೇನು?

ಸೀಟು ಬಿಚ್ಚಬೇಡಿ. ಇದೊಂದು ಪಾಲಿಸಿದರೆ ಅರ್ಧ ಕೆಲಸ ಮುಗಿಯಿತು. ಮಡಚುವ ಫೋಮ್ ಹಾಸಿಗೆ ತಂದು, ಗಾಡಿ ನಿಲ್ಲಿಸಿದ ಮೇಲೆ ಹಿಂದಿನ ಸೀಟು ಮಡಚಿ ಹಾಸಿಕೊಂಡರಾಯ್ತು. ಬೆಳಗಾದರೆ ಸುತ್ತಿಟ್ಟು, ಎಲ್ಲರೂ ಸೀಟಿನಲ್ಲಿ ಬೆಲ್ಟು ಹಾಕಿ ಕೂರಬೇಕು. ಟೊಮ್ಯಾಟೊ ಹೊರುವಾಗ ಹಿಂದಿನ ಬೆಲ್ಟು ಸೀಟಿನ ಸಂದಿಗೆ ತಳ್ಳಿಬಿಟ್ಟಿರುತ್ತಾರೆ. ಅದನ್ನು ಎಳೆದು ತೆಗೆದು, ಲಾಕು ಬೀಳುತ್ತದೆಯೇ, ನೂಲು ಹರಿದಿದೆಯೇ ನೋಡಿ. ಸರಿಯುವ ಬಾಗಿಲು ಒಳಗಿನಿಂದ ಸಲೀಸಾಗಿ ತೆರೆಯಬೇಕು. ಡಿಕ್ಕಿಗೆ ಅಡ್ಡಲಾಗಿ ಪೆಟ್ಟಿಗೆ ಒಟ್ಟಿದರೆ ಬೆಂಕಿ ಬಿದ್ದಾಗ ಹೊರಕ್ಕೆ ಹಾರಲು ಬಾಗಿಲೇ ಇರದು. ಪರದೆ ಕೂಡ ನಿಂತ ಮೇಲೆಯೇ ಸಾಕು. ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲೇ ಬಾರದೆಂದಿದೆ.

ಇನ್ನು ಗ್ಯಾಸು. ಮನೆಯ 14.2 ಕೆ.ಜಿ. ಸಿಲಿಂಡರನ್ನು ಹಿಂದೆ ಇಟ್ಟುಕೊಂಡು, ಮಳೆ ಬಂತೆಂದು ವ್ಯಾನಿನೊಳಗೇ ಟೀ ಕಾಯಿಸುವವರಿದ್ದಾರೆ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೊರಗೆ ಹೋಗದೆ ನೆಲದ ಮೇಲೆ, ಹಾಸಿಗೆಯ ಕೆಳಗೆ ಕೂರುತ್ತದೆ. ಸಣ್ಣ ಸ್ಟೌ ಒಯ್ಯಿರಿ, ಗಾಡಿಯಿಂದ ದೂರ ನೆಲದ ಮೇಲೆ ಹಚ್ಚಿ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಿದೆಯೇ ನೋಡಿಕೊಳ್ಳಿ. ಒಂದು ಪೌಡರ್ ಬೆಂಕಿ ಆರಿಸುವ ಸಿಲಿಂಡರು ಡ್ರೈವರ್ ಕೈಗೆ ಸಿಗುವ ಹಾಗಿರಲಿ, ಬ್ಯಾಗುಗಳ ಅಡಿಯಲ್ಲಲ್ಲ.

ಬೆಂಕಿಗಿಂತ ಮೋಸಗಾತಿ ಹೊಗೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ನುಗ್ಗಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಎ.ಸಿ.ಗೆಂದು ಎಂಜಿನ್ ಬಿಟ್ಟು ಮಲಗುವುದು, ಚಳಿಗೆಂದು ಕೆಂಡದ ಬಾಣಲೆ ಒಳಗಿಡುವುದು ಎರಡೂ ಒಂದೇ. ಎರಡು ಕಡೆಯ ಕಿಟಕಿ ಬೆರಳಷ್ಟು ಇಳಿದಿರಲಿ, ಸೊಳ್ಳೆಗೆ ಜಾಲರಿ ಹಾಕಿದರಾಯ್ತು. ಲೈಟು, ಫ್ಯಾನಿಗೆ ಬ್ಯಾಟರಿಯಿಂದ ವೈರು ಎಳೆಸುವವರು ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು ಹಾಕಿಸಬೇಕು. ಫ್ಯೂಜಿಲ್ಲದ ತೆಳು ವೈರು ಮ್ಯಾಟಿನ ಕೆಳಗೆ ಕಾದು ಕರಗುತ್ತದೆ.

ಮಲಗುವುದೆಲ್ಲಿ ಎಂಬುದೂ ಮುಖ್ಯ. ಹೆದ್ದಾರಿಯ ಅಂಚಿನಲ್ಲಂತೂ ಬೇಡ. ನಿಂತ ಗಾಡಿಗೆ ಏನಾಗುತ್ತದೆಂದು ಮೇಲೆಯೇ ಹೇಳಿದೆ. ದೊಡ್ಡ ಪೆಟ್ರೋಲ್ ಬಂಕು, ಛತ್ರದ ಕಾಂಪೌಂಡು, ದೇವಸ್ಥಾನದ ಪಾರ್ಕಿಂಗು ಕೇಳಿ ನೋಡಬಹುದು. ಮೈಸೂರಿನ ಮೇಲೆ ಊಟಿಗೆ ಹೊರಟವರಿಗೆ ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ ಹೀಗೇ. ಅಷ್ಟು ದೂರ ಬೇಡ, ಇಲ್ಲೇ ತಮಿಳುನಾಡಿನ ಗಡಿಯ ತೋಪಿನಲ್ಲಿ ಒಂದು ರಾತ್ರಿ ಟೆಂಟು ಹಾಕೋಣ ಎನ್ನುವವರು ಮೊದಲು ಅಕ್ಕಪಕ್ಕದ ಹಳ್ಳಿಯಲ್ಲಿ ಆನೆ ವಿಚಾರ ಕೇಳಿಕೊಂಡು ಹೋಗುವುದು ಒಳ್ಳೆಯದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ರಾಗಿ ಹೊಲ ಕಾಯುವ ರೈತರೇ ರಾತ್ರಿ ಹೊರಗೆ ಬರಲು ಹೆದರುತ್ತಾರೆ.